ಹೊಟ್ಟೆಗೆ ಗ್ಯಾಸ್, ಗುಂಡಿಗೆಗೆ ಕೆಲಸ

ಲ್ಯಾಪರೊಸ್ಕೋಪಿಯಲ್ಲಿ ಗಾಯ ಸಣ್ಣದು, ನೋವು ಕಡಿಮೆ, ಮನೆಗೆ ಹೋಗುವುದೂ ಬೇಗ. ಆದರೆ ಆಪರೇಷನ್ ನಡೆಯುವಷ್ಟು ಹೊತ್ತು ಹೊಟ್ಟೆಯೊಳಗೆ ನಿಲ್ಲುವ ಅನಿಲದ ಒತ್ತಡ ಹೃದಯ, ಶ್ವಾಸಕೋಶ, ಕಿಡ್ನಿ, ಮಿದುಳು ಎಲ್ಲವನ್ನೂ ಮುಟ್ಟುತ್ತದೆ.

ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಮಾಡಿಸಿಕೊಂಡವರು ಮಾರನೆಯ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಹೇಳುವ ದೂರು ಆಸ್ಪತ್ರೆಯವರಿಗೆಲ್ಲ ಬಾಯಿಪಾಠ: ‘ಹೊಟ್ಟೆ ಅಷ್ಟೇನೂ ನೋಯ್ತಿಲ್ಲ ಸರ್, ಭುಜ ಮಾತ್ರ ಹಿಡ್ಕೊಂಡುಬಿಟ್ಟಿದೆ. ಯಾಕೆ?’ ಟೇಬಲ್ ಮೇಲೆ ಓರೆಯಾಗಿ ಮಲಗಿಸಿದ್ದರೇನೋ, ಡ್ರಿಪ್ ಹಾಕಿದ ಕೈ ಎಳೆದಿರಬೇಕು ಎಂದೆಲ್ಲ ಮನೆಯವರು ಊಹಿಸುತ್ತಾರೆ. ಭುಜಕ್ಕೆ ಮುಲಾಮು ತಿಕ್ಕುವುದೂ ಉಂಟು. ಆದರೆ ಭುಜಕ್ಕೆ ಏನೂ ಆಗಿರುವುದಿಲ್ಲ.

ನೋವು ಹುಟ್ಟುವುದು ಎದೆಗೂ ಹೊಟ್ಟೆಗೂ ನಡುವಿರುವ ವಪೆಯಲ್ಲಿ. ಆಪರೇಷನ್‌ಗಾಗಿ ಹೊಟ್ಟೆಗೆ ತುಂಬಿಸಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಮೇಲಕ್ಕೆ ಹಿಗ್ಗಿಸಿರುತ್ತದೆ. ಅಲ್ಲಿನ ತೇವದೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗಿ ಅದನ್ನು ಕೆರಳಿಸಿಯೂ ಇರುತ್ತದೆ. ವಪೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ಫ್ರೆನಿಕ್ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಬೇರುಗಳಿಂದ. ಭುಜದ ಚರ್ಮದ ಸಂವೇದನೆ ತಲುಪುವುದೂ ಇದೇ ಬೇರುಗಳ ಮೂಲಕ. ಹೀಗಾಗಿ ಮಿದುಳು ವಪೆಯ ನೋವನ್ನು ಭುಜದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಉಳಿದ ಗ್ಯಾಸ್ ದೇಹದಲ್ಲಿ ಕರಗಿಹೋದಂತೆ ಎರಡು ಮೂರು ದಿನಗಳಲ್ಲಿ ಈ ನೋವು ತಾನಾಗಿ ಇಳಿಯುತ್ತದೆ.

ನೋವೇನೋ ಹೋಗುತ್ತದೆ. ಆದರೆ ಹೊಟ್ಟೆಯೊಳಗಿನ ಒತ್ತಡ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ರೋಗಿಗೆ ಸ್ವತಃ ಗೊತ್ತಾಗುವ ಪುರಾವೆ ಅದೊಂದೇ. ಮಿಕ್ಕ ಪರಿಣಾಮಗಳೆಲ್ಲ ಅವರು ಅರಿವಳಿಕೆಯಲ್ಲಿದ್ದಾಗಲೇ ಬಂದು ಹೋಗಿರುತ್ತವೆ.

ಜಾಗಕ್ಕಾಗಿ ಗ್ಯಾಸ್

ಹೊಟ್ಟೆಯೊಳಗೆ ಖಾಲಿ ಜಾಗ ಎಂಬುದಿಲ್ಲ. ಕರುಳು, ಲಿವರ್, ಜಠರ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹೊಟ್ಟೆಯ ಗೋಡೆ ಅವುಗಳ ಮೇಲೆಯೇ ಕೂತಿರುತ್ತದೆ. ಕ್ಯಾಮೆರಾ ತೂರಿಸಿದರೂ ಏನೂ ಕಾಣದು, ಕತ್ತರಿ ಆಡಿಸಲೂ ಆಗದು. ಅದಕ್ಕಾಗಿ ಹೊಕ್ಕುಳ ಬಳಿ ಸೂಜಿ ಅಥವಾ ಕೊಳವೆ ಇಳಿಸಿ, ಇನ್‌ಸಫ್ಲೇಟರ್ ಎಂಬ ಯಂತ್ರದಿಂದ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಾರೆ. ಮೊದಲು ನಿಮಿಷಕ್ಕೆ ಒಂದು ಲೀಟರಿನಷ್ಟು ನಿಧಾನವಾಗಿ, ಆಮೇಲೆ ವೇಗವಾಗಿ. ಮೂರು ನಾಲ್ಕು ಲೀಟರ್ ಹೋಗುವಷ್ಟರಲ್ಲಿ ಗೋಡೆ ಮೇಲೆದ್ದು, ಕರುಳು ಕೆಳಗುಳಿದು, ನಡುವೆ ಕೆಲಸಕ್ಕೆ ಜಾಗ ಸಿಗುತ್ತದೆ. ನಿಗದಿ ಮಾಡಿದ ಒತ್ತಡ ಮುಟ್ಟಿದೊಡನೆ ಯಂತ್ರ ತಾನೇ ನಿಲ್ಲುತ್ತದೆ. ಸೋರಿದರೆ ಸೋರಿದಷ್ಟನ್ನು ಮತ್ತೆ ತುಂಬುತ್ತದೆ.

ಸಾಮಾನ್ಯವಾಗಿ ಆ ನಿಗದಿ 12ರಿಂದ 15 ಮಿಲಿಮೀಟರ್ ಪಾದರಸ. ಬಿ.ಪಿ. ಅಳೆಯುವುದೂ ಇದೇ ಮಾನದಲ್ಲಿ. ಬಿ.ಪಿ. 120/80 ಎಂದು ಕೇಳಿ ರೂಢಿಯಾದ ಕಿವಿಗೆ 15 ತೀರಾ ಕಡಿಮೆ ಎನಿಸಬಹುದು. ಆದರೆ ಆರಾಮಾಗಿ ಮಲಗಿದ ಆರೋಗ್ಯವಂತರ ಹೊಟ್ಟೆಯೊಳಗಿನ ಒತ್ತಡ ಸೊನ್ನೆಯಿಂದ ಐದರ ಆಸುಪಾಸಿನಲ್ಲಿರುತ್ತದೆ. ಅಂದರೆ ಕನಿಷ್ಠ ಮೂರು ಪಟ್ಟು ಏರಿಕೆ.

ಇಲ್ಲೊಂದು ಅನುಮಾನ ಬರುವುದು ಸಹಜ. ಜೋರಾಗಿ ಕೆಮ್ಮಿದಾಗ ಹೊಟ್ಟೆಯ ಒತ್ತಡ 80 ದಾಟುತ್ತದೆ. ಬಿಂದಿಗೆ ಎತ್ತಿದಾಗಲೂ ತಿಣುಕಿದಾಗಲೂ ಏರುತ್ತದೆ. ಅದಕ್ಕೆಲ್ಲ ಜಗ್ಗದ ದೇಹ 15ಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಕೆಮ್ಮು ಒಂದು ಕ್ಷಣದ್ದು. ಅಷ್ಟರಲ್ಲಿ ರಕ್ತಸಂಚಾರಕ್ಕೆ ದಾರಿ ತಪ್ಪುವುದಿಲ್ಲ. ಆಪರೇಷನ್‌ನಲ್ಲಿ ಒತ್ತಡ ಏರಿದ ಮೇಲೆ ಅರ್ಧ ಗಂಟೆಯೋ ಮೂರು ಗಂಟೆಯೋ ಇಳಿಯುವುದೇ ಇಲ್ಲ. ದೇಹಕ್ಕೆ ಕಷ್ಟವಾಗುವುದು ಆ ಬಿಡುವಿಲ್ಲದ ಒತ್ತು.

ಒತ್ತಡವನ್ನೇ ಮದ್ದೆಂದು ನಂಬಿದ್ದ ಕೆಲ್ಲಿಂಗ್

ಈ ವಿದ್ಯೆ ಶುರುವಾದದ್ದೇ ಒತ್ತಡದಿಂದ. ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯ ಗಿಯೋರ್ಗ್ ಕೆಲ್ಲಿಂಗ್ ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಗಾಳಿಯ ಒತ್ತಡದಿಂದಲೇ ನಿಲ್ಲಿಸಬಹುದೇ ಎಂದು ಯೋಚಿಸಿದ. ಒತ್ತಡ ಏರಿಸಿದಾಗ ಒಳಗಿನ ಅಂಗಗಳಿಗೆ ಏನಾಗುತ್ತದೆಂದು ಕಣ್ಣಾರೆ ನೋಡಲು, 1901ರಲ್ಲಿ, ಸೋಸಿದ ಗಾಳಿ ತುಂಬಿದ ನಾಯಿಯ ಹೊಟ್ಟೆಯೊಳಕ್ಕೆ ಮೂತ್ರಕೋಶ ಪರೀಕ್ಷಿಸುವ ದರ್ಶಕವನ್ನು ಇಳಿಸಿದ. ಅವನ ಚಿಕಿತ್ಸೆ ಉಳಿಯಲಿಲ್ಲ, ಇಣುಕಿ ನೋಡಿದ ದಾರಿ ಉಳಿಯಿತು. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬಿಯಸ್ ಮನುಷ್ಯರಲ್ಲಿ ಈ ಪರೀಕ್ಷೆ ನಡೆಸಿದ ವರದಿ ಪ್ರಕಟಿಸಿದ.

ಅದರ ಮರುವರ್ಷವೇ, 1911ರಲ್ಲಿ, ಅಮೆರಿಕದ ಹೇವನ್ ಎಮರ್ಸನ್ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಎಚ್ಚರಿಕೆಯ ಮಾತೊಂದನ್ನು ಹೇಳಿದ. ಹೊಟ್ಟೆಯ ಒತ್ತಡ ವಿಪರೀತ ಏರಿದರೆ ಹೃದಯವೇ ಸೋತು ಪ್ರಾಣಿ ಸಾಯುತ್ತದೆ ಎಂದು ತೋರಿಸಿಕೊಟ್ಟ. ಹೊಟ್ಟೆಯೊಳಗೆ ಇಣುಕುವ ದಾರಿ, ಅದಕ್ಕೆ ತೆರಬೇಕಾದ ಬೆಲೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಗೊತ್ತಾದವು ಎನ್ನಬೇಕು. ಮುಂದಿನ ಸುಧಾರಣೆಗಳಲ್ಲಿ ಮುಖ್ಯವಾದವು ಈ ಬೆಲೆಯನ್ನು ತಗ್ಗಿಸಲೆಂದೇ ಬಂದವು. 1924ರಲ್ಲಿ ಸ್ವಿಟ್ಜರ್ಲೆಂಡಿನ ರಿಚರ್ಡ್ ಜೊಲ್ಲಿಕೋಫರ್ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಲು ಹೇಳಿದ. ಹಂಗೆರಿಯ ಯಾನೋಶ್ ವೆರೆಸ್ ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ಹಾಯಿಸಲು ರೂಪಿಸಿ, 1938ರಲ್ಲಿ ವಿವರ ಪ್ರಕಟಿಸಿದ ಸ್ಪ್ರಿಂಗ್ ಸೂಜಿ ಇಂದು ಹೊಟ್ಟೆಗೆ ಗ್ಯಾಸ್ ತುಂಬುವ ‘ವೆರೆಸ್ ನೀಡಲ್’ ಆಗಿದೆ. ಪ್ಯಾರಿಸ್ಸಿನ ಸ್ತ್ರೀರೋಗ ತಜ್ಞ ರಾಉಲ್ ಪಾಮರ್ 1940ರ ದಶಕದಲ್ಲಿ, ಹೊಟ್ಟೆಯ ಒತ್ತಡವನ್ನು ಅಳೆಯುತ್ತಲೇ ಇರಬೇಕು ಎಂದು ಪಟ್ಟುಹಿಡಿದ. ಒತ್ತಡವನ್ನು ತಾನೇ ಕಾಯುವ ಸ್ವಯಂಚಾಲಿತ ಇನ್‌ಸಫ್ಲೇಟರನ್ನು ರೂಪಿಸಿದವನು ಜರ್ಮನಿಯ ಕುರ್ಟ್ ಸೆಮ್. 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಮೊದಲ ಬಾರಿಗೆ ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶ ತೆಗೆದ. ಭಾರತದಲ್ಲಿ ಆ ಕೆಲಸ ಮೊದಲು ನಡೆದದ್ದು 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ.

ಬಿ.ಪಿ. ಏರಿತು, ರಕ್ತ ಇಳಿಯಿತು

ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳಲ್ಲಿ ಒತ್ತಡ 80ರಿಂದ 120. ಹೊರಗಿನಿಂದ 15 ಒತ್ತಿದರೆ ಅವು ಅಲುಗುವುದಿಲ್ಲ. ರಕ್ತವನ್ನು ಹೃದಯಕ್ಕೆ ವಾಪಸು ತರುವ ಅಭಿಧಮನಿಗಳ ಕತೆ ಬೇರೆ. ಅವುಗಳ ಗೋಡೆ ತೆಳು, ಒಳಗಿನ ಒತ್ತಡ ಹತ್ತರೊಳಗೆ. ಕಾಲು, ಸೊಂಟ, ಹೊಟ್ಟೆಗಳ ರಕ್ತವನ್ನೆಲ್ಲ ಮೇಲಕ್ಕೊಯ್ಯುವ ಕೆಳಗಿನ ಮಹಾ ಅಭಿಧಮನಿ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡೇ ಸಾಗುತ್ತದೆ. 15ರ ಭಾರಕ್ಕೆ ಅದು ಚಪ್ಪಟೆಯಾಗತೊಡಗುತ್ತದೆ.

ಮೊದಮೊದಲು, ಒತ್ತಡ ಇನ್ನೂ ಕಡಿಮೆಯಿರುವಾಗ, ಕರುಳು ಮತ್ತು ಲಿವರಿನ ರಕ್ತ ಹಿಂಡಿದಂತಾಗಿ ಹೃದಯಕ್ಕೆ ತುಸು ಹೆಚ್ಚೇ ರಕ್ತ ಬರುತ್ತದೆ. ಒತ್ತಡ ಹತ್ತು ದಾಟಿ ಹದಿನೈದರತ್ತ ಹೊರಟಂತೆ ಹಿಂದಿರುಗುವ ದಾರಿ ಇಕ್ಕಟ್ಟಾಗುತ್ತದೆ. ಬರುವ ರಕ್ತ ಕಡಿಮೆಯಾದರೆ ಹೃದಯ ಹೊರಹಾಕುವುದೂ ಕಡಿಮೆ. ಹೀಗೆ ಹೃದಯದ ಹೊರಹರಿವು ಶೇ 10ರಿಂದ 30ರಷ್ಟು ಕುಗ್ಗಬಹುದು. ಪಿತ್ತಕೋಶದ ಆಪರೇಷನ್ನಿಗೆ ತಲೆಯ ಕಡೆ ಟೇಬಲ್ ಎತ್ತರಿಸುವುದರಿಂದ ರಕ್ತ ಕಾಲಿನಲ್ಲೇ ಇನ್ನಷ್ಟು ನಿಲ್ಲುತ್ತದೆ.

ಇಷ್ಟಾದರೂ ಮಾನಿಟರಿನಲ್ಲಿ ಬಿ.ಪಿ. ಬೀಳುವುದಿಲ್ಲ, ಬಹಳ ಸಲ ಏರುತ್ತದೆ. ಒತ್ತಡಕ್ಕೆ ಪ್ರತಿಯಾಗಿ ದೇಹ ಅಡ್ರಿನಲಿನ್, ವಾಸೊಪ್ರೆಸಿನ್, ರೆನಿನ್‌ಗಳನ್ನು ಹರಿಬಿಟ್ಟು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನಾಳ ಬಿಗಿಯಾದ್ದರಿಂದ ಬಿ.ಪಿ. ಏರುತ್ತದೆ. ಹಾಗಾಗಿ ಬಿ.ಪಿ. ಚೆನ್ನಾಗಿದೆ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಹೃದಯ ಕಡಿಮೆ ರಕ್ತವನ್ನು ಹೆಚ್ಚು ಬಿಗಿಯಾದ ನಾಳಗಳೊಳಕ್ಕೆ ನೂಕುತ್ತಿರುತ್ತದೆ. ಗಟ್ಟಿ ಹೃದಯದವರು ಇದನ್ನು ಸಲೀಸಾಗಿ ದಾಟುತ್ತಾರೆ. ಹಾರ್ಟ್ ಪಂಪಿಂಗ್ ಕಡಿಮೆಯಿರುವವರಿಗೆ, ಕವಾಟ ಕಿರಿದಾದವರಿಗೆ ಇದು ನಿಜವಾದ ಪರೀಕ್ಷೆ.

ಅಪಾಯದ ಇನ್ನೊಂದು ಮುಖ ಕಾಣುವುದು ಗ್ಯಾಸ್ ಹಾಯಿಸುವ ಮೊದಲ ನಿಮಿಷಗಳಲ್ಲಿ. ಇನ್‌ಸಫ್ಲೇಟರಿನ ಪರದೆಯ ಮೇಲೆ 4, 7, 10 ಎಂದು ಅಂಕಿ ಏರುತ್ತಿರುತ್ತದೆ. ಅರಿವಳಿಕೆ ತಜ್ಞರು ಅದನ್ನು ನೋಡುತ್ತಿರುವುದಿಲ್ಲ, ಅವರ ಕಿವಿ ಮಾನಿಟರಿನ ಟಿಕ್ ಟಿಕ್ ಮೇಲಿರುತ್ತದೆ. ನಿಮಿಷಕ್ಕೆ 80ರಂತೆ ಬಡಿಯುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ವಿರಳವಾಗಿ 60, 45 ಎಂದು ಜಾರುತ್ತದೆ. ‘ಸರ್, ಬ್ರಾಡಿ ಆಗ್ತಿದೆ, ಗ್ಯಾಸ್ ಬಿಡಿ.’ ಸರ್ಜನ್ ಮರುಮಾತಿಲ್ಲದೆ ಕೊಳವೆಯ ತಿರುಪು ತೆರೆಯುತ್ತಾರೆ. ಬುಸ್ಸೆಂದು ಗ್ಯಾಸ್ ಹೊರಬರುತ್ತದೆ, ಉಬ್ಬಿದ ಹೊಟ್ಟೆ ಇಳಿಯುತ್ತದೆ. ಬಡಿತ ಹೆಚ್ಚಿಸುವ ಅಟ್ರೋಪಿನ್ ಸಿರಿಂಜ್ ಆಗಲೇ ಕೈಗೆ ಬಂದಿರುತ್ತದೆ. ಹೊಟ್ಟೆಯ ಒಳಪೊರೆ ಏಕಾಏಕಿ ಹಿಗ್ಗಿದಾಗ ವೇಗಸ್ ನರ ಕೆರಳಿ ಹೃದಯಕ್ಕೆ ಲಗಾಮು ಹಾಕುವುದರ ಫಲ ಇದು. ಬಹುಪಾಲು ಸಂದರ್ಭದಲ್ಲಿ ಒತ್ತಡ ಇಳಿಸಿದೊಡನೆ ಬಡಿತ ಮರಳುತ್ತದೆ. ಎರಡನೆಯ ಸಲ ಗ್ಯಾಸನ್ನು ನಿಧಾನವಾಗಿ ಹಾಯಿಸುತ್ತಾರೆ. ಅಪರೂಪಕ್ಕೆ ಹೃದಯ ನಿಂತೇಹೋಗುವುದೂ ಉಂಟು. ಆದ್ದರಿಂದಲೇ ಆ ಮೊದಲ ನಿಮಿಷಗಳಲ್ಲಿ ಆಪರೇಷನ್ ಥಿಯೇಟರಿನಲ್ಲಿ ಹರಟೆ ನಿಲ್ಲಬೇಕು ಎನ್ನುವುದು.

ನಡುವೆ ಇರುವುದು ಪರದೆ, ಗೋಡೆಯಲ್ಲ

ಎದೆ, ಹೊಟ್ಟೆ ಎಂಬ ಎರಡು ಕೋಣೆಗಳ ನಡುವೆ ಇಟ್ಟಿಗೆಯ ಗೋಡೆಯಿಲ್ಲ. ವಪೆ ಎಂಬ ಮಾಂಸದ ಪರದೆ ಇಳಿಬಿಟ್ಟಿದೆ, ಅಷ್ಟೆ. ಒಂದು ಕೋಣೆಯಲ್ಲಿ ಸಾಮಾನು ತುಂಬಿದರೆ ಪರದೆ ಇನ್ನೊಂದು ಕೋಣೆಯೊಳಕ್ಕೆ ಉಬ್ಬಿಕೊಳ್ಳುತ್ತದೆ. ಹೊಟ್ಟೆಯ ಒತ್ತಡಕ್ಕೆ ವಪೆ ಮೇಲೇರಿ ಶ್ವಾಸಕೋಶದ ಬುಡದ ಭಾಗಗಳು ಮುದುಡುತ್ತವೆ. ಶ್ವಾಸಕೋಶ ಹಿಗ್ಗುವ ಗುಣ ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗುವುದರಿಂದ, ಅಷ್ಟೇ ಗಾಳಿಯನ್ನು ಒಳಗೆ ಕಳಿಸಲು ವೆಂಟಿಲೇಟರ್ ಹೆಚ್ಚು ಬಲ ಹಾಕಬೇಕಾಗುತ್ತದೆ. ವಪೆಯೊಂದಿಗೆ ಶ್ವಾಸನಾಳದ ಕವಲೂ ಮೇಲೆ ಸರಿಯುವುದರಿಂದ, ಸರಿಯಾದ ಜಾಗದಲ್ಲಿಟ್ಟಿದ್ದ ಉಸಿರಿನ ಟ್ಯೂಬಿನ ತುದಿ ಬಲ ಶ್ವಾಸಕೋಶದ ಕವಲಿಗೆ ಇಳಿದುಬಿಡಬಹುದು. ಆಗ ಎಡ ಶ್ವಾಸಕೋಶಕ್ಕೆ ಗಾಳಿಯಿಲ್ಲ. ಗ್ಯಾಸ್ ತುಂಬಿದ ಮೇಲೆ ಅರಿವಳಿಕೆ ತಜ್ಞರು ಇನ್ನೊಮ್ಮೆ ಎದೆಯ ಎರಡೂ ಬದಿಗೆ ಸ್ಟೆತಸ್ಕೋಪ್ ಇಡುವುದು ಇದಕ್ಕಾಗಿ.

ಒತ್ತಡದ ಜೊತೆಗೆ ಗ್ಯಾಸಿನ ಗುಣವೂ ಸೇರುತ್ತದೆ. ಹೊಟ್ಟೆಯ ಒಳಪೊರೆಯಿಂದ ರಕ್ತಕ್ಕಿಳಿದ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುವ ಜವಾಬ್ದಾರಿ ಅದೇ ಮುದುಡಿದ ಶ್ವಾಸಕೋಶದ್ದು. ಗ್ಯಾಸ್ ತುಂಬಿದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ರಕ್ತದಲ್ಲಿ ಅದರ ಮಟ್ಟ ಏರಿ ಒಂದು ಹದಕ್ಕೆ ನಿಲ್ಲುತ್ತದೆ. ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ತೋರಿಸುವ ಕ್ಯಾಪ್ನೋಗ್ರಾಫ್ ನೋಡಿಕೊಂಡು ವೆಂಟಿಲೇಟರಿನ ಉಸಿರಾಟವನ್ನು ಹೆಚ್ಚಿಸುತ್ತಾರೆ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಟ್ಟವರಲ್ಲಿ ಎಷ್ಟು ಹೆಚ್ಚಿಸಿದರೂ ಮಟ್ಟ ಇಳಿಯದೆ ರಕ್ತ ಆಮ್ಲೀಯವಾಗಬಹುದು. ಅಂಥವರಲ್ಲಿ ಒತ್ತಡ ಇಳಿಸಬೇಕು, ಇಲ್ಲವೇ ಹೊಟ್ಟೆ ತೆರೆದೇ ಆಪರೇಷನ್ ಮುಗಿಸಬೇಕು.

ಕಿಡ್ನಿಯಿಂದ ಕಣ್ಣಿನವರೆಗೆ

ಹೊಟ್ಟೆಯ ಅಂಗಗಳಿಗೆ ರಕ್ತ ನುಗ್ಗುವ ಬಲ ಎಷ್ಟೆಂದು ತಿಳಿಯಲು ಸುಲಭದ ಲೆಕ್ಕವಿದೆ: ಸರಾಸರಿ ಬಿ.ಪಿ.ಯಿಂದ ಹೊಟ್ಟೆಯ ಒತ್ತಡವನ್ನು ಕಳೆಯಬೇಕು. 90ರಿಂದ 15 ಹೋದರೆ 75, ತೊಂದರೆಯಿಲ್ಲ. ಅರಿವಳಿಕೆಯಲ್ಲಿ ಸರಾಸರಿ ಬಿ.ಪಿ. 60ಕ್ಕೆ ಇಳಿದಿದ್ದರೆ ಉಳಿಯುವುದು ಬರೀ 45. ಇದರ ಬಿಸಿ ಮೊದಲು ತಟ್ಟುವುದು ಕಿಡ್ನಿಗೆ. ಗ್ಯಾಸ್ ಇರುವಷ್ಟು ಹೊತ್ತು ಮೂತ್ರದ ಚೀಲ ತುಂಬುವುದು ನಿಧಾನವಾಗುತ್ತದೆ. ಆರೋಗ್ಯವಂತರಲ್ಲಿ ಒತ್ತಡ ಇಳಿದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಮೂತ್ರ ಕಡಿಮೆ ಬಂತೆಂದು ಡ್ರಿಪ್ ಮೇಲೆ ಡ್ರಿಪ್ ಸುರಿಯುವುದರಿಂದ ಪ್ರಯೋಜನವಿಲ್ಲ. ಲಿವರಿಗೆ ಹೋಗುವ ರಕ್ತವೂ ಕಡಿಮೆಯಾಗುವುದರಿಂದ ಮರುದಿನದ ರಕ್ತಪರೀಕ್ಷೆಯಲ್ಲಿ ಲಿವರಿನ ಕಿಣ್ವಗಳು ತುಸು ಏರಿರಬಹುದು. ಅದೂ ಕೆಲವು ದಿನಗಳದ್ದು.

ಕಾಲಿನ ರಕ್ತ ಮೇಲೇರಲು ತಡೆಯಾಗುವುದರಿಂದ ಅಲ್ಲಿ ಹೆಪ್ಪುಗಟ್ಟುವ ಭಯವಿದೆ. ದೀರ್ಘ ಆಪರೇಷನ್‌ಗಳಲ್ಲಿ ಕಾಲಿಗೆ ಸುತ್ತಿದ ಪಟ್ಟಿ ಆಗಾಗ ಗಾಳಿಯಿಂದ ಉಬ್ಬಿ ಹಿಂಡುವುದು ಇದನ್ನು ತಡೆಯಲು. ಮಿದುಳಿನ ಸುತ್ತಲಿನ ಒತ್ತಡವೂ ಏರುತ್ತದೆ. ತಲೆಗೆ ಪೆಟ್ಟಾದವರಲ್ಲಿ, ಮಿದುಳಿನ ನೀರಿಗೆ ಶಂಟ್ ಹಾಕಿಸಿಕೊಂಡವರಲ್ಲಿ ಎಚ್ಚರ ಬೇಕು. ಗರ್ಭಕೋಶ, ಪ್ರಾಸ್ಟೇಟ್ ಆಪರೇಷನ್‌ಗಳಲ್ಲಿ ತಲೆ ಕೆಳಗಾಗುವಂತೆ ಟೇಬಲ್ ವಾಲಿಸುತ್ತಾರೆ. ರೋಬೊಟಿಕ್ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ಈ ವಾಲು ಬಹಳ ಕಡಿದು, ಅದೂ ಗಂಟೆಗಟ್ಟಲೆ. ಮುಖ ಊದಿಕೊಳ್ಳುತ್ತದೆ, ಕಣ್ಣಿನೊಳಗಿನ ಒತ್ತಡ ಏರುತ್ತದೆ. ಗ್ಲಾಕೋಮಾ ಇದ್ದವರು ಅದನ್ನು ಮೊದಲೇ ಹೇಳಬೇಕಾದದ್ದು ಈ ಕಾರಣಕ್ಕೆ.

ಸೈಕಲ್ ಪಂಪಿನ ಪಾಠ

2014ರಲ್ಲಿ ಒಡಿಶಾದ ಸಂತಾನಹರಣ ಶಿಬಿರವೊಂದರಲ್ಲಿ ಹೆಂಗಸರ ಹೊಟ್ಟೆಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕೊಳೆ, ಸೋಂಕು ಎಂದು ಎಲ್ಲರೂ ಮುಖ ಸಿಂಡರಿಸಿದರು. ಅಪಾಯ ಅಷ್ಟೇ ಅಲ್ಲ. ಪಂಪಿಗೆ ಒತ್ತಡದ ಅಂಕಿ ಇಲ್ಲ. ಎಷ್ಟು ಏರಿತೆಂದು ಹೊಡೆಯುವವರಿಗೂ ಗೊತ್ತಾಗದು, ತಾನಾಗಿ ನಿಲ್ಲುವ ವ್ಯವಸ್ಥೆಯೂ ಅದರಲ್ಲಿಲ್ಲ. ಎರಡನೆಯದಾಗಿ, ಗಾಳಿಯ ಬಹುಪಾಲು ನೈಟ್ರೋಜನ್. ಅದು ರಕ್ತದಲ್ಲಿ ಸುಲಭವಾಗಿ ಕರಗುವುದಿಲ್ಲ. ಸೂಜಿ ತಪ್ಪಿ ರಕ್ತನಾಳಕ್ಕೆ ಹೋಗಿ ಗುಳ್ಳೆ ಹೃದಯ ಸೇರಿದರೆ ಅಲ್ಲೇ ಕೂತು ರಕ್ತದ ದಾರಿ ಮುಚ್ಚುತ್ತದೆ. ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ, ಬೆಂಕಿ ಹತ್ತುವುದಿಲ್ಲ, ವಿದ್ಯುತ್ ಚಾಕು ಬಳಸಲು ಅಡ್ಡಿಯಿಲ್ಲ.

ಹಾಗೆಂದು ಅದು ಪೂರ್ತಿ ನಿರಪಾಯಕಾರಿ ಅಲ್ಲ. ಒಮ್ಮೆಲೇ ಬಹಳಷ್ಟು ರಕ್ತನಾಳಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ. ಕ್ಯಾಪ್ನೋಗ್ರಾಫಿನ ಗೆರೆ ಧಡಕ್ಕನೆ ಕುಸಿಯುವುದು ಅದರ ಸುಳಿವು. ಕೂಡಲೇ ಗ್ಯಾಸ್ ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಿ, ಪೂರ್ತಿ ಆಮ್ಲಜನಕ ಕೊಟ್ಟು, ರೋಗಿಯನ್ನು ಎಡಮಗ್ಗುಲಿಗೆ ತಲೆ ತಗ್ಗಿಸಿ ಮಲಗಿಸುವುದು ಪುಸ್ತಕ ಹೇಳುವ ಕ್ರಮ. ಇಂಥ ಪ್ರಸಂಗ ತೀರಾ ಅಪರೂಪ.

ಒತ್ತಡಕ್ಕೂ ಡೋಸ್ ಇದೆ

ತೀವ್ರ ನಿಗಾ ಘಟಕದ ವೈದ್ಯರಿಗೂ ಹೊಟ್ಟೆಯ ಒತ್ತಡ ಚೆನ್ನಾಗಿ ಗೊತ್ತು. ಮೇದೋಜೀರಕದ ಉರಿಯೂತ, ಅಪಘಾತ, ಸುಟ್ಟಗಾಯಗಳಲ್ಲಿ ಕರುಳು ಊದಿ ಒತ್ತಡ ತಾನಾಗಿ ಏರುತ್ತದೆ. ಮೂತ್ರದ ನಳಿಕೆಯ ಮೂಲಕ ಅದನ್ನು ಅಳೆಯುತ್ತಾರೆ. ಒತ್ತಡ 12 ಮುಟ್ಟಿ ಹಾಗೇ ಉಳಿದರೆ ಅದು ಕಾಯಿಲೆ. 20 ದಾಟಿ, ಜೊತೆಗೆ ಅಂಗಗಳು ಸೋಲತೊಡಗಿದರೆ ಹೊಟ್ಟೆ ಸೀಳಿಯಾದರೂ ಒತ್ತಡ ಇಳಿಸಬೇಕಾದ ತುರ್ತು. ಐಸಿಯುನಲ್ಲಿ ರೋಗವೆಂದು ಹೆಸರಿಡುವ ಅಂಕಿಯನ್ನೇ ಆಪರೇಷನ್ ಥಿಯೇಟರಿನಲ್ಲಿ ತಿಳಿದೂ ತಿಳಿದೂ, ಗಡಿಯಾರ ನೋಡಿಕೊಂಡು ಬಳಸುತ್ತೇವೆ. ಅಂದಮೇಲೆ ಅದನ್ನು ಔಷಧದಂತೆಯೇ ಕಾಣಬೇಕು: ಎಷ್ಟು, ಎಷ್ಟು ಹೊತ್ತು, ಯಾರಿಗೆ ಎಂದು ಲೆಕ್ಕ ಹಾಕಬೇಕು. ಯಂತ್ರದಲ್ಲಿ 15 ಎಂದು ಒಮ್ಮೆ ಇಟ್ಟು ಎಲ್ಲ ರೋಗಿಗಳಿಗೂ ಅದನ್ನೇ ಮುಂದುವರಿಸುವುದು ಎಲ್ಲರಿಗೂ ಒಂದೇ ಡೋಸ್ ಬರೆದುಕೊಟ್ಟಂತೆ.

ಯುರೋಪಿನ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸಕರ ಸಂಘ 2002ರಲ್ಲೇ ಈ ಮಾತು ಹೇಳಿತು: ರೂಢಿಯ ಅಂಕಿ ಬೇಡ, ಕೆಲಸಕ್ಕೆ ಬೇಕಾದಷ್ಟು ಜಾಗ ಕೊಡುವ ಅತಿ ಕಡಿಮೆ ಒತ್ತಡ ಸಾಕು. ಪಿತ್ತಕೋಶದಂಥ ಆಪರೇಷನ್ನನ್ನು ಅನುಭವಿಗಳು 8ರಿಂದ 10ರಲ್ಲೂ ಮುಗಿಸುತ್ತಾರೆ. ಭುಜದ ನೋವೂ ತಗ್ಗುತ್ತದೆ. ಸ್ನಾಯುಗಳನ್ನು ಔಷಧದಿಂದ ಪೂರ್ತಿ ಸಡಿಲಿಸಿದರೆ ಕಡಿಮೆ ಒತ್ತಡದಲ್ಲೇ ಹೆಚ್ಚು ಜಾಗ ಸಿಗುತ್ತದೆ. ಮುಗಿದ ಮೇಲೆ ಉಳಿದ ಗ್ಯಾಸನ್ನು ಹೊಟ್ಟೆ ಒತ್ತಿ, ವೆಂಟಿಲೇಟರಿನಿಂದ ಕೆಲವು ದೊಡ್ಡ ಉಸಿರು ಕೊಟ್ಟು ಹೊರಡಿಸುವುದೂ ಫಲ ಕೊಡುತ್ತದೆ. ನಮ್ಮ ದೇಶದ ಕೆಲವು ಗ್ರಾಮೀಣ ಶಸ್ತ್ರಚಿಕಿತ್ಸಕರು ಗ್ಯಾಸೇ ಬೇಡವೆಂದು ಹೊಟ್ಟೆಯ ಗೋಡೆಯನ್ನು ಲೋಹದ ಉಂಗುರದಿಂದ ಮೇಲೆತ್ತಿ, ಬೆನ್ನಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುತ್ತಿದ್ದಾರೆ. ಜಾಗ ಇಕ್ಕಟ್ಟು, ಸ್ಥೂಲದೇಹಿಗಳಲ್ಲಿ ಕಷ್ಟ. ಆದರೆ ಸಿಲಿಂಡರ್, ವೆಂಟಿಲೇಟರ್ ಇಲ್ಲದ ಊರಿನಲ್ಲೂ ಸಣ್ಣ ಗಾಯದ ಲಾಭ ಸಿಗುತ್ತದೆ.

ಆದರೆ ಒತ್ತಡವನ್ನು ತೀರಾ ಇಳಿಸಿದರೆ ಸರ್ಜನ್‌ಗೆ ಸರಿಯಾಗಿ ಕಾಣುವುದಿಲ್ಲ, ಕಾಣದೆ ಕತ್ತರಿಸಿದರೆ ಪಿತ್ತನಾಳಕ್ಕೆ ಏಟು ಬೀಳಬಹುದು. ಒಬ್ಬರಿಗೆ ಜಾಗ ಬೇಕು, ಇನ್ನೊಬ್ಬರಿಗೆ ಒತ್ತಡ ಇಳಿಯಬೇಕು. ಟೇಬಲ್ಲಿನ ಎರಡು ತುದಿಯಲ್ಲಿ ನಿಂತ ಸರ್ಜನ್ ಮತ್ತು ಅರಿವಳಿಕೆ ತಜ್ಞರ ನಡುವಿನ ಚೌಕಾಶಿಯಲ್ಲಿ ಪ್ರತಿ ರೋಗಿಯ ಅಂಕಿ ತೀರ್ಮಾನವಾಗುತ್ತದೆ.

ಈ ಚೌಕಾಶಿಗೆ ರೋಗಿಯೂ ಮಾಹಿತಿ ಒದಗಿಸಬೇಕು. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ತಜ್ಞರು ಬಂದು ಪ್ರಶ್ನೆ ಕೇಳಿದಾಗ ‘ಏನಿಲ್ಲ ಸರ್, ಸಣ್ಣ ಆಪರೇಷನ್ ತಾನೆ’ ಎಂದು ತೇಲಿಸುವವರೇ ಹೆಚ್ಚು. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ, ಹೃದಯದ ಮಾತ್ರೆ ಯಾವುದು, ದಮ್ಮು ಇದೆಯೇ, ಗ್ಲಾಕೋಮಾಕ್ಕೆ ಕಣ್ಣಿನ ಹನಿ ಹಾಕಿಕೊಳ್ಳುತ್ತೀರಾ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಗರ್ಭಿಣಿಯೇ ಎಂಬ ಪ್ರತಿಯೊಂದು ಉತ್ತರವೂ ಮರುದಿನ ಆ ಯಂತ್ರದಲ್ಲಿ ಇಡುವ ಅಂಕಿಯನ್ನು ಬದಲಿಸಬಲ್ಲದು. ಲ್ಯಾಪರೊಸ್ಕೋಪಿಯಲ್ಲಿ ಸಣ್ಣದಾಗಿರುವುದು ಗಾಯ ಮಾತ್ರ. ಒಳಗೆ ನಡೆಯುವ ಆಪರೇಷನ್ ಹೊಟ್ಟೆ ತೆರೆದು ಮಾಡುವಷ್ಟೇ ದೊಡ್ಡದು. ಆ ಪ್ರಶ್ನೆಗಳಿಗೆ, ಕೇಳಿದಷ್ಟೇ ಗಂಭೀರವಾಗಿ ಉತ್ತರಿಸಿ.